ನರಗಳ ಭಾಷೆಯನ್ನರಿತ ಒಟ್ಟೊ ಲೋವಿ

ಬೆಂಗಳೂರಿನ ಹೊಸಹಳ್ಳಿಯಂತಹ ಜನನಿಬಿಡ ಬಡಾವಣೆಯಲ್ಲಿ ಬಾಲಕನೊಬ್ಬನು ಶಾಲೆಗೆಂದು ಹೊರಟು ರಸ್ತೆಯನ್ನು ದಾಟುತ್ತಿದ್ದಾನೆ. ತಿರುವಿನಲ್ಲಿ ಬಸ್ಸೊಂದು ಥಟ್ಟನೆ ಕಾಣಿಸಿಕೊಂಡು ಹಾರನ್ ಮಾಡುತ್ತದೆ. ಏನಾಯಿತೆಂದು ಯೋಚಿಸುವ ಮೊದಲೇ ಅವನು ಹಿಂದಕ್ಕೆ ನೆಗೆದಿರುತ್ತಾನೆ. ಬಸ್ಸು ಮುಂದೆ ಸಾಗಿ ಮರೆಯಾದ ಮೇಲೂ ಅವನ ಎದೆ ಡವಗುಟ್ಟುತ್ತಲೇ ಇರುತ್ತದೆ, ಅಂಗೈ ಬೆವರಿರುತ್ತದೆ, ಬಾಯಿ ಒಣಗಿರುತ್ತದೆ. ಅವನ ಕಾಲುಗಳು ನೆಗೆದದ್ದು ನರಗಳು ತಂದ ಆಜ್ಞೆಯಿಂದ. ಎದೆಬಡಿತ ಬೇಗನೆ ಇಳಿಯದಿರುವುದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಸೇರಿಸಿದ ಅಡ್ರಿನಲಿನ್ ಎಂಬ ಹಾರ್ಮೋನಿನಿಂದ. ನರದ ಸುದ್ದಿ ಹಿಂದಿನ ಕಾಲದ ತಂತಿ ವರ್ತಮಾನದಂತೆ. ಅದು ಗೊತ್ತಾದ ಒಂದು ವಿಳಾಸಕ್ಕೆ ಕ್ಷಣಮಾತ್ರದಲ್ಲಿ ಮುಟ್ಟುತ್ತದೆ. ಹಾರ್ಮೋನಿನ ಸುದ್ದಿ ಊರಿನ ಡಂಗುರದಂತೆ. ಅದು ರಕ್ತದೊಡನೆ ದೇಹವನ್ನೆಲ್ಲ ಸುತ್ತಿ ನಿಧಾನವಾಗಿ ಹರಡುತ್ತದೆ.

ನರಗಳಲ್ಲಿ ಸುದ್ದಿಯು ವಿದ್ಯುತ್ ಸಂಕೇತವಾಗಿ ಹರಿಯುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದಿತ್ತು. ಆದರೆ ನರದ ತುದಿಗೂ ಸ್ನಾಯುವಿಗೂ ನಡುವೆ ಅತಿ ಸೂಕ್ಷ್ಮವಾದ ಒಂದು ಸಂದಿದೆ. ತಂತಿ ಮುಗಿದುಹೋದಲ್ಲಿ ಸುದ್ದಿಯು ಆಚೆಯ ದಡವನ್ನು ಸೇರುವುದು ಹೇಗೆ? ವಿದ್ಯುತ್ತಿನ ಕಿಡಿಯೇ ಆ ಸಂದನ್ನು ದಾಟುತ್ತದೆಯೆ, ಅಥವಾ ಬೇರೊಂದು ದೂತನು ಅಲ್ಲಿ ಕಾದಿರುವನೆ? ಈ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಕೊಟ್ಟವರು ಒಟ್ಟೊ ಲೋವಿ.

ಲೋವಿಯವರು 1873ರ ಜೂನ್ 3ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ದ್ರಾಕ್ಷಾರಸದ ವರ್ತಕರು. ಶಾಲೆಯಲ್ಲಿ ಬಾಲಕ ಒಟ್ಟೊನಿಗೆ ಪ್ರಾಚೀನ ಭಾಷೆಗಳಲ್ಲಿ ಒಳ್ಳೆಯ ಅಂಕಗಳು ಬರುತ್ತಿದ್ದವು. ಗಣಿತದಲ್ಲಿಯೂ ಭೌತವಿಜ್ಞಾನದಲ್ಲಿಯೂ ಅವನು ಹಿಂದುಳಿದಿದ್ದನು. ಕಲೆಯ ಇತಿಹಾಸವನ್ನು ಅಭ್ಯಾಸಮಾಡಬೇಕೆಂಬುದು ಅವನ ಆಸೆ. ಮನೆಯವರ ಇಚ್ಛೆಗೆ ಮಣಿದು 1891ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದನು. ಅಲ್ಲಿಯೂ ವೈದ್ಯಕೀಯ ತರಗತಿಗಳನ್ನು ಬಿಟ್ಟು ತತ್ತ್ವಶಾಸ್ತ್ರದ ಉಪನ್ಯಾಸಗಳನ್ನು ಕೇಳಲು ಹೋಗುತ್ತಿದ್ದುದುಂಟು. ಹೀಗಿದ್ದರೂ 1896ರಲ್ಲಿ ಪದವಿಯನ್ನು ಪಡೆದು ಅವರು ವೈದ್ಯರಾದರು.

ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದಾಗ ತರುಣ ವೈದ್ಯರ ಮನಸ್ಸನ್ನು ಕಲಕಿದ ದೃಶ್ಯವೊಂದಿತ್ತು. ಕ್ಷಯ ಮತ್ತು ನ್ಯುಮೋನಿಯ ರೋಗಿಗಳು ಸಾಲುಸಾಲಾಗಿ ಮಲಗಿರುತ್ತಿದ್ದರು. ಆ ಕಾಲದಲ್ಲಿ ಅವರಿಗೆ ಕೊಡಬಹುದಾದ ಪರಿಣಾಮಕಾರಿ ಔಷಧವೇ ಇರಲಿಲ್ಲ. ಕಣ್ಣೆದುರಿಗೇ ಒಬ್ಬೊಬ್ಬರಾಗಿ ಸಾಯುತ್ತಿದ್ದವರನ್ನು ನೋಡುತ್ತ ನಿಲ್ಲುವುದು ಲೋವಿಯವರಿಂದಾಗಲಿಲ್ಲ. ರೋಗಿಯ ಹಾಸಿಗೆಯ ಬಳಿ ಕೈಕಟ್ಟಿ ನಿಲ್ಲುವುದಕ್ಕಿಂತ ದೇಹದ ಮತ್ತು ಔಷಧಗಳ ಮರ್ಮವನ್ನು ಅರಿಯುವುದೇ ಮೇಲೆಂದು ನಿಶ್ಚಯಿಸಿ ಅವರು 1898ರಲ್ಲಿ ಮಾರ್‌ಬರ್ಗಿನ ಔಷಧವಿಜ್ಞಾನದ ಪ್ರಯೋಗಶಾಲೆಯನ್ನು ಸೇರಿದರು.

ಶರೀರವಿಜ್ಞಾನಕ್ಕೆ ಅದು ಸಂಭ್ರಮದ ಕಾಲ. ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು 1902ರಲ್ಲಿ ಒಂದು ಆಶ್ಚರ್ಯಕರ ಸಂಗತಿಯನ್ನು ಕಂಡುಹಿಡಿದರು. ಸಣ್ಣ ಕರುಳಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿದರೂ ಅಲ್ಲಿಗೆ ಆಮ್ಲವು ತಲಪಿದೊಡನೆ ಮೇದೋಜೀರಕ ಗ್ರಂಥಿಯು ರಸವನ್ನು ಸುರಿಸುತ್ತಿತ್ತು. ಕರುಳಿನ ಒಳಪದರದಿಂದ ಹೊರಟ ರಾಸಾಯನಿಕ ವಸ್ತುವೊಂದು ರಕ್ತದ ಮೂಲಕ ಗ್ರಂಥಿಗೆ ಸುದ್ದಿಯನ್ನು ಒಯ್ಯುತ್ತಿತ್ತು. ಇಂತಹ ವಸ್ತುಗಳಿಗೆ ಸ್ಟಾರ್ಲಿಂಗ್ ಅವರು 1905ರಲ್ಲಿ ಹಾರ್ಮೋನು ಎಂಬ ಹೆಸರನ್ನು ಬಳಸಿದರು. ಲೋವಿಯವರು ಇಂಗ್ಲೆಂಡಿಗೆ ಹೋಗಿ ಸ್ಟಾರ್ಲಿಂಗ್ ಅವರ ಪ್ರಯೋಗಶಾಲೆಯನ್ನು ಕಂಡರು. ಹೆನ್ರಿ ಡೇಲ್ ಎಂಬ ತರುಣ ವಿಜ್ಞಾನಿಯ ಪರಿಚಯವಾದದ್ದು ಅಲ್ಲಿಯೇ. ಆ ಪರಿಚಯವು ಜೀವಮಾನದ ಸ್ನೇಹವಾಗಿ ಬೆಳೆಯಿತು.

ರಕ್ತದ ಮೂಲಕ ರಾಸಾಯನಿಕ ವಸ್ತುವೊಂದು ಸುದ್ದಿಯನ್ನು ಒಯ್ಯಬಲ್ಲುದಾದರೆ ನರದ ತುದಿಯಲ್ಲಿಯೂ ಅಂತಹ ದೂತನು ಇರಬಾರದೇಕೆ? 1903ರಲ್ಲಿ ಮಿತ್ರರೊಬ್ಬರೊಡನೆ ಮಾತನಾಡುತ್ತಿದ್ದಾಗ ಲೋವಿಯವರಿಗೆ ಈ ಆಲೋಚನೆ ಹೊಳೆಯಿತು. ಮರುವರ್ಷವೇ ಕೇಂಬ್ರಿಜ್‌ನ ಎಲಿಯಟ್ ಎಂಬ ವಿದ್ಯಾರ್ಥಿಯೂ ಇದೇ ಬಗೆಯ ಊಹೆಯನ್ನು ಮುಂದಿಟ್ಟನು. ಆದರೆ ಊಹೆ ಎಷ್ಟೇ ಸುಂದರವಾಗಿದ್ದರೂ ಪ್ರಮಾಣವಾಗಲಾರದು. ಅದನ್ನು ಪರೀಕ್ಷಿಸುವ ದಾರಿ ಯಾರಿಗೂ ತೋರಲಿಲ್ಲ. ಲೋವಿಯವರು 1909ರಲ್ಲಿ ಆಸ್ಟ್ರಿಯ ದೇಶದ ಗ್ರಾಜ್ ವಿಶ್ವವಿದ್ಯಾನಿಲಯದಲ್ಲಿ ಔಷಧವಿಜ್ಞಾನದ ಪ್ರಾಧ್ಯಾಪಕರಾದರು. ಬೇರೆ ಬೇರೆ ಸಂಶೋಧನೆಗಳಲ್ಲಿ ಮುಳುಗಿ ಆ ಹಳೆಯ ಆಲೋಚನೆಯನ್ನು ಮರೆತೇಬಿಟ್ಟರು.

ಸುಮಾರು ಹದಿನೇಳು ವರ್ಷಗಳ ಮೇಲೆ ಅದು ವಿಚಿತ್ರ ರೀತಿಯಲ್ಲಿ ಮರಳಿ ಬಂದಿತು. ಈಸ್ಟರ್ ಹಬ್ಬದ ಸಮಯದಲ್ಲಿ ಒಂದು ರಾತ್ರಿ ಲೋವಿಯವರು ನಿದ್ದೆಯಿಂದ ಎಚ್ಚೆತ್ತು, ಕಾಗದದ ಚೂರೊಂದರ ಮೇಲೆ ಏನನ್ನೋ ಗೀಚಿ ಮತ್ತೆ ಮಲಗಿದರು. ಬೆಳಗ್ಗೆ ಎದ್ದಾಗ ಮಹತ್ವದ್ದೇನನ್ನೋ ಬರೆದೆನೆಂಬುದು ಮಾತ್ರ ನೆನಪಿತ್ತು. ತಮ್ಮ ಬರಹವನ್ನು ತಾವೇ ಓದಲಾರದೆ ದಿನವಿಡೀ ಪರಿತಪಿಸಿದರು. ಮರುರಾತ್ರಿ ಮೂರು ಗಂಟೆಗೆ ಅದೇ ಆಲೋಚನೆ ಮತ್ತೆ ಸ್ಫುರಿಸಿತು. ಈ ಬಾರಿ ಅವರು ಕಾಗದವನ್ನು ನಂಬಲಿಲ್ಲ. ಕೂಡಲೇ ಎದ್ದು ಪ್ರಯೋಗಶಾಲೆಗೆ ನಡೆದರು.

ಪ್ರಯೋಗವು ಸರಳವಾಗಿತ್ತು. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ ತಕ್ಕ ಲವಣಜಲವನ್ನು ಒದಗಿಸಿದರೆ ಅದು ಬಹಳ ಹೊತ್ತು ಬಡಿಯುತ್ತಿರುತ್ತದೆ. ಲೋವಿಯವರು ಅಂತಹ ಎರಡು ಹೃದಯಗಳನ್ನು ತೆಗೆದುಕೊಂಡರು. ಒಂದಕ್ಕೆ ನರಗಳು ಅಂಟಿಕೊಂಡಿದ್ದವು, ಇನ್ನೊಂದಕ್ಕೆ ನರಗಳಿರಲಿಲ್ಲ. ಮೊದಲನೆಯ ಹೃದಯದ ವೇಗಸ್ ಎಂಬ ನರವನ್ನು ವಿದ್ಯುತ್ತಿನಿಂದ ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಇದು ಎಲ್ಲರಿಗೂ ತಿಳಿದ ವಿಷಯವೇ. ಅನಂತರ ಆ ಹೃದಯದೊಳಗಿದ್ದ ಲವಣಜಲವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದರು. ಯಾವ ನರದ ಸಂಪರ್ಕವೂ ಇಲ್ಲದ ಆ ಹೃದಯವೂ ನಿಧಾನವಾಯಿತು! ಬಡಿತವನ್ನು ಹೆಚ್ಚಿಸುವ ನರವನ್ನು ಕೆರಳಿಸಿ ಹೀಗೆಯೇ ಮಾಡಿದಾಗ ಎರಡನೆಯ ಹೃದಯವೂ ವೇಗವಾಗಿ ಬಡಿಯಿತು. ವಿದ್ಯುತ್ತು ನೀರಿನೊಡನೆ ಹೋಗಿರಲಾರದು. ಹೋದದ್ದು ನರದ ತುದಿಯಿಂದ ಹೊರಬಿದ್ದ ರಾಸಾಯನಿಕ ವಸ್ತು. 1921ರಲ್ಲಿ ಈ ಫಲಿತಾಂಶವು ಪ್ರಕಟವಾಯಿತು.

ಹಗಲಿನಲ್ಲಿ ನಿಧಾನವಾಗಿ ವಿಚಾರಮಾಡಿದ್ದರೆ ತಾವು ಈ ಪ್ರಯೋಗಕ್ಕೆ ಕೈಹಾಕುತ್ತಲೇ ಇರಲಿಲ್ಲವೆಂದು ಲೋವಿಯವರು ಮುಂದೆ ಹೇಳಿಕೊಂಡರು. ನರದ ತುದಿಯಿಂದ ಹೊರಡುವ ವಸ್ತುವು ಅಂಗಕ್ಕೆ ಸಾಕಾಗಿ, ಇನ್ನೊಂದು ಹೃದಯಕ್ಕೂ ಮುಟ್ಟುವಷ್ಟು ದ್ರವದಲ್ಲಿ ಉಳಿಯುವುದು ಅಸಂಭವವೆಂದೇ ತೋರುತ್ತಿತ್ತು. ಆದರೆ ಇದು ಕೇವಲ ಕನಸಿನ ಕೊಡುಗೆಯೆಂದು ತಿಳಿಯಬಾರದು. ಕಪ್ಪೆಯ ಹೃದಯದ ಮೇಲೆ ಪ್ರಯೋಗಮಾಡುವ ಕೌಶಲವು ಅವರಿಗೆ ಮೊದಲೇ ಕರಗತವಾಗಿತ್ತು. ದುಡಿದ ಮನಸ್ಸಿಗೇ ಅಂತಹ ಕನಸು ಬಿದ್ದೀತು.

ಎಲ್ಲರೂ ಈ ಫಲಿತಾಂಶವನ್ನು ಒಡನೆಯೇ ಒಪ್ಪಲಿಲ್ಲ. ಪ್ರಯೋಗವನ್ನು ಮತ್ತೆ ಮಾಡಿ ನೋಡಿದ ಹಲವರು ವಿಫಲರಾದರು. ಲೋವಿಯವರ ಮೇಲೆ ಸಂದೇಹಪಟ್ಟರು. ಲೋವಿಯವರು ಸಂದೇಹಕ್ಕೆ ಕೋಪದಿಂದ ಉತ್ತರಿಸದೆ ಪ್ರಯೋಗದಿಂದ ಉತ್ತರಿಸಿದರು. 1926ರಲ್ಲಿ ಸ್ಟಾಕ್‌ಹೋಮಿನಲ್ಲಿ ನೆರೆದ ಶರೀರವಿಜ್ಞಾನಿಗಳ ಸಮ್ಮೇಳನದಲ್ಲಿ ಎಲ್ಲರ ಸಮಕ್ಷಮದಲ್ಲಿ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ತೋರಿಸಿದರು. ವೇಗಸ್ ನರದಿಂದ ಹೊರಡುವ ವಸ್ತುವು ಅಸಿಟೈಲ್‌ಕೋಲಿನ್ ಎಂಬುದನ್ನೂ, ಅದನ್ನು ಬಹುಬೇಗ ಒಡೆದುಹಾಕುವ ಕಿಣ್ವವೊಂದು ಅಂಗದಲ್ಲೇ ಇದೆಯೆಂಬುದನ್ನೂ ಅವರು ಕಂಡುಕೊಂಡರು. ಅಟ್ರೊಪಿನ್ ಎಂಬ ಔಷಧವನ್ನು ಕೊಟ್ಟ ಹೃದಯದ ಮೇಲೆ ಆ ವಸ್ತುವಿನ ಪ್ರಭಾವ ನಡೆಯದೆಂಬುದೂ ಸ್ಪಷ್ಟವಾಯಿತು. ನಮ್ಮ ಬೇಲಿಬದಿಗಳಲ್ಲಿ ಬೆಳೆಯುವ ವಿಷಕಾರಿ ದತ್ತೂರಿ ಗಿಡದಲ್ಲಿರುವುದೂ ಇದೇ ಬಗೆಯ ದ್ರವ್ಯ.

ಅತ್ತ ಲಂಡನ್ನಿನಲ್ಲಿ ಡೇಲ್ ಮತ್ತು ಅವರ ಸಂಗಡಿಗರು, ಕೈಕಾಲುಗಳನ್ನು ಆಡಿಸುವ ಸ್ನಾಯುಗಳಲ್ಲಿಯೂ ನರದ ತುದಿಯ ದೂತನು ಅಸಿಟೈಲ್‌ಕೋಲಿನ್ನೇ ಎಂದು ತೋರಿಸಿದರು. ಅದು ಸ್ನಾಯುಕೋಶದ ಹೊರಪೊರೆಯಲ್ಲಿರುವ ಗ್ರಾಹಕಗಳಿಗೆ ತಗುಲಿದಾಗ ಬಾಗಿಲು ತೆರೆದಂತಾಗಿ ಸೋಡಿಯಂ ಕಣಗಳು ಒಳನುಗ್ಗುತ್ತವೆ; ವಿದ್ಯುತ್ತಿನ ಅಲೆಯೊಂದು ಕೋಶದ ಮೇಲೆ ಹರಡುತ್ತದೆ; ಒಳಗೆ ಕೂಡಿಟ್ಟಿದ್ದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ; ಸ್ನಾಯುವಿನ ಎಳೆಗಳು ಒಂದರೊಳಗೊಂದು ಸರಿದು ಸ್ನಾಯು ಸಂಕುಚಿಸುತ್ತದೆ. ಹೃದಯವನ್ನು ನಿಧಾನಗೊಳಿಸುವ ವಸ್ತುವೇ ಕಾಲಿನ ಸ್ನಾಯುವನ್ನು ಎಚ್ಚರಿಸುವುದು ವಿಚಿತ್ರವೆನಿಸಬಹುದು. ಎರಡೂ ಕಡೆಗಳ ಗ್ರಾಹಕಗಳು ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಒಂದೇ ಸುದ್ದಿಯನ್ನು ಒಂದೊಂದು ಅಂಗವು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಳ್ಳುತ್ತದೆ. ಬೀದಿಯಲ್ಲಿ ಬೆದರಿದ ಬಾಲಕನ ಅಡ್ರಿನಲ್ ಗ್ರಂಥಿಗಳಿಗೆ ಹಾರ್ಮೋನನ್ನು ಸುರಿಸುವಂತೆ ಆಜ್ಞೆ ಕೊಟ್ಟದ್ದೂ ನರತುದಿಯ ಅಸಿಟೈಲ್‌ಕೋಲಿನ್ನೇ. ಹೀಗೆ ತಂತಿಯ ಸುದ್ದಿಯೇ ಡಂಗುರವನ್ನೂ ಸಾರಿಸುತ್ತದೆ.

1936ರಲ್ಲಿ ಡೇಲ್ ಮತ್ತು ಲೋವಿಯವರಿಗೆ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಜೊತೆಯಾಗಿ ದೊರೆಯಿತು. ಆದರೆ ಆ ಸಂತೋಷವು ಬಹುಕಾಲ ಉಳಿಯಲಿಲ್ಲ. 1938ರ ಮಾರ್ಚ್ ತಿಂಗಳಿನಲ್ಲಿ ಹಿಟ್ಲರನ ಸೇನೆಯು ಆಸ್ಟ್ರಿಯವನ್ನು ಆಕ್ರಮಿಸಿಕೊಂಡಿತು. ಅದೇ ಸಮಯದಲ್ಲಿ ಒಂದು ರಾತ್ರಿ ಆಯುಧಧಾರಿಗಳಾದ ತರುಣರು ಲೋವಿಯವರ ಮಲಗುವ ಕೋಣೆಗೆ ನುಗ್ಗಿದರು. ಅರವತ್ತನಾಲ್ಕು ವರ್ಷದ ವಿಜ್ಞಾನಿಯನ್ನು, ಯೆಹೂದಿ ಎಂಬ ಒಂದೇ ಕಾರಣಕ್ಕಾಗಿ, ಸೆರೆಮನೆಗೆ ಎಳೆದೊಯ್ದರು. ಅವರ ಇಬ್ಬರು ಗಂಡುಮಕ್ಕಳೂ ಬಂಧಿತರಾದರು.

ತಮ್ಮನ್ನು ಕೊಲ್ಲುವುದು ನಿಶ್ಚಯವೆಂದೇ ಲೋವಿಯವರು ಭಾವಿಸಿದರು. ಆ ಗಳಿಗೆಯಲ್ಲಿ ಅವರನ್ನು ಕಾಡಿದ ಚಿಂತೆ ಆಶ್ಚರ್ಯಕರವಾದುದು. ಅವರು ಕೊನೆಯದಾಗಿ ಮಾಡಿದ ಪ್ರಯೋಗದ ಫಲಿತಾಂಶವು ಇನ್ನೂ ಪ್ರಕಟವಾಗಿರಲಿಲ್ಲ. ತಾವು ಸತ್ತರೆ ಅದೂ ತಮ್ಮೊಡನೆ ಮಣ್ಣಾಗುವುದಲ್ಲ ಎಂದು ಮರುಗಿದರು. ಕಾವಲುಗಾರನನ್ನು ಒಲಿಸಿಕೊಂಡು ಒಂದು ಅಂಚೆ ಕಾರ್ಡನ್ನೂ ಲೇಖನಿಯನ್ನೂ ಪಡೆದು, ಫಲಿತಾಂಶವನ್ನು ಸಂಕ್ಷೇಪವಾಗಿ ಬರೆದು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳುಹಿಸಿಕೊಟ್ಟರು. ಕಾರ್ಡು ಕೈಬಿಟ್ಟ ಮೇಲೆ ಅವರ ಮನಸ್ಸು ಹಗುರವಾಯಿತು.

ಸುಮಾರು ಎರಡು ತಿಂಗಳ ಮೇಲೆ ಅವರಿಗೆ ಬಿಡುಗಡೆಯಾಯಿತು. ದೇಶವನ್ನು ಬಿಟ್ಟು ಹೋಗಬೇಕಾದರೆ, ಸ್ಟಾಕ್‌ಹೋಮಿನ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ಹಿಡಿತದಲ್ಲಿದ್ದ ಬ್ಯಾಂಕಿಗೆ ವರ್ಗಾಯಿಸಬೇಕಾಗಿತ್ತು. ಲೋವಿಯವರು ಅದನ್ನೂ ಒಪ್ಪಿಸಿದರು. ಮೂರು ದಶಕಗಳ ಕಾಲ ಬಾಳಿದ ಮನೆ, ಕಟ್ಟಿ ಬೆಳೆಸಿದ ಪ್ರಯೋಗಶಾಲೆ, ಹಣ ಎಲ್ಲವನ್ನೂ ಕಳೆದುಕೊಂಡು 1938ರ ಸೆಪ್ಟೆಂಬರಿನಲ್ಲಿ ಬರಿಗೈಯಲ್ಲಿ ಲಂಡನ್ನಿಗೆ ಬಂದಿಳಿದರು. ಹಳೆಯ ಮಿತ್ರ ಡೇಲ್ ಅವರನ್ನು ಆದರದಿಂದ ಬರಮಾಡಿಕೊಂಡರು. ಪತ್ನಿ ಗೀಡಾ ಅವರಿಗೆ ಒಡನೆ ಹೊರಡಲು ಅನುಮತಿ ಸಿಗಲಿಲ್ಲ. ಲೋವಿಯವರು ಬ್ರಸೆಲ್ಸ್‌ನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಕೆಲಸಮಾಡಿ 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜನ್ನು ಸೇರಿದರು. ಮರುವರ್ಷ ಪತ್ನಿಯೂ ಅಲ್ಲಿಗೆ ಬಂದು ಕೂಡಿಕೊಂಡರು. ಕಹಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ತರುಣ ವಿದ್ಯಾರ್ಥಿಗಳ ನಡುವೆ ಹರಟುತ್ತ, ಬೋಧಿಸುತ್ತ ಲೋವಿಯವರು ಮುಪ್ಪನ್ನು ಕಳೆದರು. 1961ರ ಡಿಸೆಂಬರ್ 25ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ ನಿಧನರಾದರು.

ಗ್ರಾಜ್ ನಗರದಲ್ಲಿ ಎರಡು ಕಪ್ಪೆಯ ಹೃದಯಗಳ ನಡುವೆ ಕಂಡ ಸತ್ಯವು ಇಂದು ಕರ್ನಾಟಕದ ಹಳ್ಳಿಗಳನ್ನೂ ಮುಟ್ಟಿದೆ. ಹೊಲದಲ್ಲಿ ಸಿಂಪಡಿಸುವ ಹಲವು ಕೀಟನಾಶಕಗಳು ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತವೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ, ಗಾಳಿಯ ದಿಕ್ಕನ್ನು ನೋಡದೆ ಸಿಂಪಡಿಸಿದ ರೈತನ ದೇಹಕ್ಕೆ ಆ ವಿಷವು ಸೇರಿದರೆ ನರಗಳ ಸುದ್ದಿ ನಿಲ್ಲದೆ ಮೊಳಗತೊಡಗುತ್ತದೆ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ನಾಡಿ ಇಳಿಯುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಅಂತಹವನನ್ನು ಆಸ್ಪತ್ರೆಗೆ ತಂದೊಡನೆ ವೈದ್ಯರು ಕೊಡುವ ಔಷಧಗಳಲ್ಲಿ ಮುಖ್ಯವಾದದ್ದು ಅಟ್ರೊಪಿನ್. ನಾಗರಹಾವಿನ ವಿಷವು ಇದಕ್ಕೆ ವಿರುದ್ಧವಾಗಿ ಸ್ನಾಯುವಿನ ಗ್ರಾಹಕಗಳನ್ನು ಮುಚ್ಚಿ ಸುದ್ದಿಯೇ ತಲಪದಂತೆ ಮಾಡುತ್ತದೆ, ರೆಪ್ಪೆಗಳು ಜೋತುಬೀಳುತ್ತವೆ. ಈ ಎರಡು ಆಪತ್ತುಗಳ ಮರ್ಮವೂ ನರದ ತುದಿಯ ಆ ಸಣ್ಣ ಸಂದಿನಲ್ಲಿಯೇ ಅಡಗಿದೆ.

ಔಷಧವಿಲ್ಲದೆ ಸಾಯುತ್ತಿದ್ದ ರೋಗಿಗಳನ್ನು ನೋಡಲಾರದೆ ಪ್ರಯೋಗಶಾಲೆಗೆ ಬಂದವರು ಲೋವಿಯವರು. ಅವರ ಮನೆಯನ್ನೂ ಹಣವನ್ನೂ ಕಸಿದುಕೊಂಡ ಅಧಿಕಾರವು ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ಅವರು ಕಂಡು ಜಗತ್ತಿಗೆ ತಿಳಿಸಿದ ಸತ್ಯವು ಊರೂರಿನ ಆಸ್ಪತ್ರೆಗಳಲ್ಲಿ, ಅವರ ಹೆಸರನ್ನು ಕೇಳಿಯೂ ಅರಿಯದ ರೋಗಿಗಳ ಪ್ರಾಣವನ್ನು ಇಂದಿಗೂ ಉಳಿಸುತ್ತಿದೆ.