ಮರಳಿನ ಗೆರೆಗಳ ಗುಟ್ಟು ಬಿಡಿಸಿದ ಹರ್ಥಾ ಏರ್ಟನ್

ನೀರು ಇಳಿದ ಮೇಲೆ ಕಡಲ ದಂಡೆಯ ಮರಳಿನಲ್ಲಿ ಸಾಲುಸಾಲು ಗೆರೆಗಳನ್ನು ನೋಡಿದ್ದೀರಾ? ಅವು ಮೂಡುವ ಬಗೆಯನ್ನು ಹುಡುಕಿದವರು ಇಂಗ್ಲೆಂಡಿನ ಹರ್ಥಾ ಏರ್ಟನ್. 1854ರಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದವರು.

ಗಾಜಿನ ತೊಟ್ಟಿಯಲ್ಲಿ ಮರಳು, ನೀರು ಹಾಕಿ ತೂಗಿ ತೂಗಿ ನೋಡಿದರು. ಮರಳಿನಲ್ಲಿ ಸಣ್ಣ ಉಬ್ಬೊಂದು ಇದ್ದರೆ ಸಾಕು. ಅದನ್ನು ದಾಟಿದ ನೀರು ಆಚೆ ಬದಿಯಲ್ಲಿ ಸುಳಿಯಾಗಿ ತಿರುಗುತ್ತದೆ. ಸುಳಿಯು ಮರಳನ್ನು ಕೆದಕಿ ಉಬ್ಬಿನ ಮೇಲೆ ಪೇರಿಸುತ್ತದೆ. ನೀರು ಹಿಂದೆ ಮುಂದೆ ಆಡಿದಂತೆ ಉಬ್ಬು ಬೆಳೆಯುತ್ತದೆ, ಪಕ್ಕದಲ್ಲಿ ಇನ್ನೊಂದು ಏಳುತ್ತದೆ.

1902ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇವರ ಹೆಸರನ್ನು ಸೂಚಿಸಲಾಯಿತು. ಮದುವೆಯಾದ ಹೆಂಗಸೆಂದು ಸದಸ್ಯತ್ವ ಕೊಡಲಿಲ್ಲ. ಎಂಥ ಕಾರಣ ನೋಡಿ! ಆದರೂ 1904ರಲ್ಲಿ ಅಲ್ಲಿಯೇ ಮರಳಿನ ಗೆರೆಗಳ ಪ್ರಬಂಧ ಓದಿದರು. ಆ ಸಭೆಯಲ್ಲಿ ತನ್ನ ಪ್ರಬಂಧವನ್ನು ತಾನೇ ಓದಿದ ಮೊದಲ ಮಹಿಳೆ ಇವರು. 1906ರಲ್ಲಿ ಅದೇ ಸಂಸ್ಥೆ ಹ್ಯೂಸ್ ಪದಕ ನೀಡಿತು. ಸದಸ್ಯತ್ವ ಮಾತ್ರ 1923ರಲ್ಲಿ ತೀರಿಕೊಳ್ಳುವವರೆಗೂ ಸಿಗಲಿಲ್ಲ.