ಕುದ್ಮುಲ್ ರಂಗರಾಯರು

ಜೂನ್ ತಿಂಗಳು ಬಂತೆಂದರೆ ಕಮರಿಪೇಟೆಯಂಥ ನಮ್ಮ ಹುಬ್ಬಳ್ಳಿಯ ಪೇಟೆಗಳಲ್ಲಿ ಹಳ್ಳಿಯ ಬಡ ವಿದ್ಯಾರ್ಥಿಗಳಿಗಾಗಿ ವರ್ಗಣಿ ಕೂಡಿಸುವ ಉದಾರಿಗಳಿಗೆ ಕೊರತೆಯಿಲ್ಲ. ಪುಸ್ತಕ, ಪಾಟಿ, ಫೀ ಎಲ್ಲವೂ ಸಲ್ಲುತ್ತವೆ. ಆದರೆ ಹುಡುಗನು ಶ್ರಾವಣ ಮುಗಿಯುವುದರೊಳಗೆ ಶಾಲೆ ಬಿಟ್ಟು ದನ ಕಾಯಲು ಹೋದನೆಂದು ಕೇಳಿದಾಗ, ಇಂಥವರಿಗೆ ವಿದ್ಯೆಯ ಆಸ್ಥೆಯೇ ಇಲ್ಲವೆಂದು ದಾನಿಗಳು ಬೇಸರಪಡುವುದುಂಟು. ಈ ಬೇಸರಕ್ಕೆ ಕನ್ನಡನಾಡಿನ ಒಬ್ಬ ವಕೀಲರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೃತಿಯಿಂದ ಉತ್ತರವಿತ್ತಿದ್ದಾರೆ. ಅವರೇ ಮಂಗಳೂರಿನ ಕುದ್ಮುಲ್ ರಂಗರಾಯರು.

ರಂಗರಾಯರು 1859ನೆಯ ಇಸವಿಯ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಸಂಸಾರದ ಭಾರವನ್ನು ಹೊತ್ತು ಮಂಗಳೂರಿಗೆ ಬಂದರು. ಅಲ್ಪ ವೇತನದ ಉಪಾಧ್ಯಾಯವೃತ್ತಿಯಿಂದ ಜೀವಿಸುತ್ತಲೇ ಓದಿ ವಕೀಲಿ ಪರೀಕ್ಷೆಯನ್ನು ದಾಟಿದರು. ಬಡತನದಲ್ಲಿ ಓದುವುದೆಂದರೇನೆಂಬುದನ್ನು ಅವರು ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ. ಬ್ರಹ್ಮಸಮಾಜದ ತತ್ತ್ವಗಳು ಅವರ ಮನಸ್ಸನ್ನು ಸೆಳೆದಿದ್ದವು.

1892ರಲ್ಲಿ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದ ಜನರ ಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ತೆರೆದರು. ವಿರೋಧವು ಒಡನೆಯೇ ತಲೆಯೆತ್ತಿತು. ಮೇಲುಜಾತಿಯವರಲ್ಲಿ ಪಾಠ ಹೇಳಲು ಒಪ್ಪುವವರು ದುರ್ಲಭರಾಗಲು, ಕ್ರೈಸ್ತ ಉಪಾಧ್ಯಾಯರ ನೆರವು ಪಡೆಯಬೇಕಾಯಿತು. ಸ್ವಜಾತಿಯವರು ರಾಯರನ್ನು ಬಹಿಷ್ಕರಿಸಿದರು. ರಾಯರು ಹಿಂಜರಿಯದೆ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೇ ಸ್ಥಾಪಿಸಿದರು. ಕಂಕನಾಡಿ, ಬೋಕ್ಕಪಟ್ಣ, ಮೂಲ್ಕಿ ಮೊದಲಾದೆಡೆ ಶಾಲೆಗಳು ಹುಟ್ಟಿಕೊಂಡವು.

ಆದರೆ ಶಾಲೆಯನ್ನು ತೆರೆದ ಮಾತ್ರಕ್ಕೆ ಮಕ್ಕಳು ಬರುವರೇ? ಆ ಸೀಮೆಯಲ್ಲಿ ಈ ಜನರು ಬಹುಮಟ್ಟಿಗೆ ಭೂಮಾಲಿಕರ ಮೂಲದಾಳುಗಳಾಗಿದ್ದರು. ಮಗುವು ದನ ಕಾಯ್ದರೆ, ಗದ್ದೆಯಲ್ಲಿ ಕೈಗೂಡಿಸಿದರೆ, ಮನೆಗೆ ಒಂದು ಹೊತ್ತಿನ ಗಂಜಿ. ಅದೇ ಮಗುವು ಅಕ್ಷರ ಕಲಿಯಲು ಕುಳಿತರೆ ಆ ಗಂಜಿಗೂ ಸಂಚಕಾರ. ಫೀ ಇಲ್ಲದ ಶಾಲೆಯೂ ಅಂಥ ಮನೆಗೆ ತುಟ್ಟಿಯೇ. ರಂಗರಾಯರು ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನಿಕ್ಕಿದರು. ಅಷ್ಟಕ್ಕೇ ನಿಲ್ಲದೆ, ಬಂದ ಪ್ರತಿ ಮಗುವಿನ ಕೈಗೆ ದಿನಕ್ಕೆ ಎರಡು ಪೈಸೆಗಳನ್ನು ಕೊಟ್ಟರು. ರೂಪಾಯಿಗೆ 64 ಪೈಸೆಗಳಿದ್ದ ಕಾಲವದು. ನಲವತ್ತು ಮಕ್ಕಳು ಕೂಡಿದರೆ ದಿನಕ್ಕೆ ಒಂದು ರೂಪಾಯಿ ನಾಲ್ಕಾಣೆ. ಊಟದ ವೆಚ್ಚ, ಉಪಾಧ್ಯಾಯರ ಸಂಬಳಗಳು ಬೇರೆ. ಒಬ್ಬ ವಕೀಲನ ಕೈಗೆ ಇದು ಹಗುರವಾದ ಹೊರೆಯಲ್ಲ.

ಹಣ ಕೊಟ್ಟು ಮಕ್ಕಳನ್ನು ಶಾಲೆಗೆ ಕರೆಯುವುದು ಲಂಚವಲ್ಲವೇ ಎಂದು ಕೇಳುವ ಬುದ್ಧಿವಂತರು ಇಂದಿಗೂ ಇದ್ದಾರೆ. ಕಾಲೇಜಿನ ಜಾಣನಿಗೆ ಕೊಡುವ ವಿದ್ಯಾರ್ಥಿವೇತನವು ಗೌರವವೆನಿಸುತ್ತದೆ. ಆಳಿನ ಮಗುವಿಗೆ ಕೊಡುವ ಎರಡು ಪೈಸೆ ಮಾತ್ರ ಲಂಚವೆನಿಸುವುದೇಕೆ? ಶಾಲೆಗೆ ಕೂತ ಮಗುವಿನ ತಪ್ಪಿದ ಕೂಲಿಯನ್ನೂ ರಾಯರು ವಿದ್ಯೆಯ ಖರ್ಚಿನಲ್ಲಿಯೇ ಸೇರಿಸಿದರು. ನಮ್ಮ ಪೇಟೆಗಳ ನಿಧಿಗಳ ಲೆಕ್ಕದ ಪುಸ್ತಕಗಳಲ್ಲಿ ಈ ಕಲಮು ಬಹಳ ವಿರಳವೆಂದು ನಮ್ಮ ಅನುಭವ. ಮಧ್ಯಾಹ್ನದೂಟದ ಮರ್ಮವನ್ನಾದರೋ ಸರಕಾರವೂ ತಡವಾಗಿ ಅರಿಯಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹವು ಆರಂಭವಾದದ್ದು 2002ರಲ್ಲಿ.

ಅಕ್ಷರ ಬಲ್ಲವನಿಗೆ ನಿಲ್ಲಲು ನೆಲ, ಕೈಗೆ ಕೆಲಸ ಬೇಕು. ಆದಕಾರಣ ನೇಯ್ಗೆ, ಬಡಗಿತನಗಳ ಶಿಕ್ಷಣವನ್ನೂ, ದೂರದ ಮಕ್ಕಳಿಗೆ ವಿದ್ಯಾರ್ಥಿನಿಲಯವನ್ನೂ ಮಿಷನ್ ನಡೆಸಿತು. ಭೂಮಿಯಿಲ್ಲದ ಕುಟುಂಬಗಳಿಗೆ ನಿವೇಶನಗಳನ್ನು ದೊರಕಿಸಿತು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಮಿಷನ್ನನ್ನು ಸ್ಥಾಪಿಸಿದ್ದು 1906ರಲ್ಲಿ. ಅದರ ಶಾಖೆಯೊಂದು ನಮ್ಮ ಹುಬ್ಬಳ್ಳಿಯಲ್ಲಿಯೂ ನಡೆಯಿತು. ಗಾಂಧೀಜಿಯವರ ಪ್ರೇರಣೆಯಿಂದ ಹರಿಜನ ಸೇವಕ ಸಂಘವು ಹುಟ್ಟಿದ್ದು 1932ರಲ್ಲಿ. ಮಂಗಳೂರಿನ ಶಾಲೆಯು ಇವೆರಡಕ್ಕೂ ಹಿರಿಯದು.

ಮನೆಯಲ್ಲಿಯೂ ರಾಯರ ನಡೆ ಬೇರೆಯಾಗಿರಲಿಲ್ಲ. ಮಗಳು ರಾಧಾಬಾಯಿಯವರ ವಿವಾಹವು ಅನ್ಯಜಾತಿಯ, ತಮಿಳುನಾಡಿನ ಡಾ. ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಮುಂದೆ 1926ರಲ್ಲಿ ಅವರು ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾದರು. ದೇಹ ಸೋತಾಗ ರಂಗರಾಯರು ಮಿಷನ್ನಿನ ಭಾರವನ್ನು ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿ, 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು.

1928ರ ಜನವರಿ 30ರಂದು ಅವರು ದಿವಂಗತರಾದರು. ತಮ್ಮ ಅಂತ್ಯಸಂಸ್ಕಾರವನ್ನು ಜಾತಿಬಾಂಧವರು ಮಾಡಕೂಡದು, ಊರಿನ ತೋಟಿಗಳೇ ಮಾಡಬೇಕೆಂದು ಮೊದಲೇ ತಿಳಿಸಿದ್ದರು. ಹಾಗೆಯೇ ನಡೆಯಿತು. ಮಂಗಳೂರಿನ ಪುರಭವನವು ಈಗ ಅವರ ಹೆಸರನ್ನು ಹೊತ್ತಿದೆ.