ಜಾನ್ ಪೇಟನ್ ಅಯ್ಯನವರೂ ಅನೀವ ದ್ವೀಪದ ಬಾವಿಯೂ

ಇಸಾಕನು ಗೆರಾರಿನ ತಗ್ಗಿನಲ್ಲಿ ಬಾವಿಗಳನ್ನು ತೋಡಿಸಿದ ಸಂಗತಿಯನ್ನು ನಾವು ಆದಿಕಾಂಡದಲ್ಲಿ ಓದಿರುವೆವು. ಮೊದಲನೆಯ ಬಾವಿಗೋಸ್ಕರ ಜಗಳವಾಯಿತು, ಎರಡನೆಯದಕ್ಕೋಸ್ಕರವೂ ಜಗಳವಾಯಿತು, ಮೂರನೆಯದನ್ನು ಜಗಳವಿಲ್ಲದೆ ತೋಡಿದಾಗ ದೇವರು ತನಗೆ ಸ್ಥಳ ಕೊಟ್ಟನೆಂದು ಅವನು ತಿಳಿದುಕೊಂಡನು. ನೀರಿನ ಬೆಲೆಯು ಕೊಡ ಹೊತ್ತವರಿಗೆ ಗೊತ್ತು. ಬೇಸಿಗೆಯಲ್ಲಿ ಒಂದು ಕೊಡ ನೀರಿಗಾಗಿ ದೂರ ನಡೆಯುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಯಾಗಲಿ ಒರತೆಯಾಗಲಿ ಇಲ್ಲದ ಒಂದು ದ್ವೀಪದಲ್ಲಿ ಗುಡಿಸಲು ಕಟ್ಟಿ, ಬಾವಿ ತೋಡಿ, ಅದರ ಮೂಲಕ ಒಂದು ಜನಾಂಗದ ಹೃದಯವನ್ನು ಕರ್ತನ ಕಡೆಗೆ ತಿರುಗಿಸಿದ ಜಾನ್ ಗಿಬ್ಸನ್ ಪೇಟನ್ ಅಯ್ಯನವರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಪೇಟನ್ ಅಯ್ಯನವರು 1824ನೇ ಇಸವಿ ಮೇ ತಿಂಗಳ 24ರಂದು ಸ್ಕಾಟ್ಲೆಂಡ್ ದೇಶದ ಡಂಫ್ರೀಸ್ ಪಟ್ಟಣದ ಸಮೀಪದಲ್ಲಿ ಹುಟ್ಟಿದರು. ಟಾರ್ಥೊರ್ವಾಲ್ಡ್ ಎಂಬ ಹಳ್ಳಿಯಲ್ಲಿ ಬೆಳೆದರು. ತಂದೆಯವರು ಕಾಲುಚೀಲ ನೇಯುವ ಬಡ ಕಸಬುದಾರರು. ಮಕ್ಕಳು ಹನ್ನೊಂದು ಮಂದಿ. ಅವರ ಮನೆಯು ಹುಲ್ಲು ಹೊದಿಸಿದ ಮೂರು ಕೋಣೆಗಳ ಮನೆ. ಒಂದು ಕೊನೆಯಲ್ಲಿ ತಾಯಿಯ ಅಡಿಗೆಮನೆ, ಇನ್ನೊಂದು ಕೊನೆಯಲ್ಲಿ ತಂದೆಯ ಮಗ್ಗಗಳು, ನಡುವೆ ಒಂದು ಚಿಕ್ಕ ಕೋಣೆ. ಪ್ರತಿ ಊಟದ ತರುವಾಯ ತಂದೆಯು ಆ ನಡುಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸುತ್ತಿದ್ದರು; ಹೊರಗಿದ್ದ ಮಕ್ಕಳು ಸದ್ದುಮಾಡದೆ ತುದಿಗಾಲಿನಲ್ಲಿ ನಡೆಯುತ್ತಿದ್ದರು. ಮನೆ ಎಷ್ಟು ಚಿಕ್ಕದಾದರೂ ಅದರಲ್ಲಿ ದೇವರಿಗೆ ಒಂದು ಕೋಣೆ ಇರಬೇಕೆಂಬ ಪಾಠವನ್ನು ಮಗನು ಅಲ್ಲಿಯೇ ಕಲಿತನು.

ಪ್ರಾಯಕ್ಕೆ ಬಂದ ಮೇಲೆ ಅವರು ಗ್ಲಾಸ್ಗೋ ಪಟ್ಟಣಕ್ಕೆ ಹೋದರು. ಅಲ್ಲಿ ಪಟ್ಟಣ ಮಿಶನ್ನಿನ ಕೆಳಗೆ ಹತ್ತು ವರುಷ ಬಡವರ ಕೇರಿಗಳಲ್ಲಿ ಸುವಾರ್ತೆ ಸಾರುತ್ತಾ, ದೇವಶಾಸ್ತ್ರವನ್ನೂ ಸ್ವಲ್ಪ ವೈದ್ಯವನ್ನೂ ಕಲಿತರು. ಆ ದಿವಸಗಳಲ್ಲಿ ಶಾಂತಸಾಗರದ ನ್ಯೂ ಹೆಬ್ರಿಡೀಸ್ ದ್ವೀಪಗಳಿಗೆ ಬೋಧಕರು ಬೇಕೆಂಬ ಕರೆ ಬಂತು. 1980ರಲ್ಲಿ ಸ್ವತಂತ್ರವಾದ ಮೇಲೆ ಆ ದೇಶಕ್ಕೆ ವನುವಾಟು ಎಂದು ಹೆಸರಾಗಿದೆ. ಅಲ್ಲಿ 1839ರಲ್ಲಿ ಜಾನ್ ವಿಲಿಯಮ್ಸ್ ಎಂಬ ಬೋಧಕರೂ ಅವರ ಜೊತೆಗಾರರೂ ಕಾಲಿಟ್ಟ ದಿವಸವೇ ಕೊಲ್ಲಲ್ಪಟ್ಟಿದ್ದರು. ಇದೆಲ್ಲಾ ತಿಳಿದಿದ್ದರೂ ಪೇಟನ್ ಅಯ್ಯನವರು ಹೋಗುವದಕ್ಕೆ ಒಪ್ಪಿದರು. 1858ರಲ್ಲಿ ಮೇರಿ ಆ್ಯನ್ ಎಂಬ ಕನ್ಯೆಯನ್ನು ಮದುವೆಯಾಗಿ, ಅದೇ ವರುಷದ ನವಂಬರ್ ತಿಂಗಳಲ್ಲಿ ಟಾನ್ನಾ ದ್ವೀಪವನ್ನು ಮುಟ್ಟಿದರು.

ಟಾನ್ನಾದಲ್ಲಿ ಅವರು ಮೊದಲು ಮಾಡಿದ ಕೆಲಸ ಮನೆ ಕಟ್ಟುವದೇ. ಸಮುದ್ರದ ದಡದಲ್ಲಿ ಸ್ಥಳ ಕೊಂಡು, ಕಲ್ಲಿನ ಅಡಿಪಾಯ ಹಾಕಿ, ಹವಳದ ಕಲ್ಲನ್ನು ಸುಟ್ಟು ಸುಣ್ಣ ಮಾಡಿ, ಗೋಡೆಗಳನ್ನು ಎಬ್ಬಿಸಿದರು. ಹಡಗಿನಿಂದ ಸಾಮಾನು ಇಳಿಸುವದಕ್ಕೆ ಆ ಸ್ಥಳವು ಅನುಕೂಲವಾಗಿತ್ತು. ಆದರೆ ಅದು ತಗ್ಗಾದ ಜವುಗು ನೆಲ. ಹಿಂದೆ ನಿಂತ ಗುಡ್ಡವು ಗಾಳಿಯನ್ನು ತಡೆಯುತ್ತಿತ್ತು. ಚಳಿಜ್ವರವು ಅವರನ್ನು ಹಿಡಿಯಿತು. 1859ನೇ ಫೆಬ್ರವರಿಯಲ್ಲಿ ಒಂದು ಗಂಡು ಮಗು ಹುಟ್ಟಿತು. ಮಾರ್ಚ್ 3ರಂದು ತಾಯಿ ತೀರಿಕೊಂಡಳು. ಹದಿನೇಳು ದಿವಸಗಳ ತರುವಾಯ ಮಗುವೂ ತೀರಿಕೊಂಡಿತು. ಮನೆಯ ಪಕ್ಕದಲ್ಲಿ ಪೇಟನ್ ಅಯ್ಯನವರು ತಮ್ಮ ಕೈಯಿಂದಲೇ ಸಮಾಧಿಯನ್ನು ತೋಡಿ ಇಬ್ಬರನ್ನೂ ಅದರಲ್ಲಿ ಇಟ್ಟರು. ಆ ದೇಶದಲ್ಲಿ ಅವರ ಸಲಿಕೆ ತೋಡಿದ ಮೊದಲನೆಯ ಆಳವಾದ ಗುಳಿ ಅದೇ.

ಹದಿನಾಲ್ಕು ಸಾರಿ ಜ್ವರ ಬಿದ್ದ ಮೇಲೆ ಟಾನ್ನಾದವನೇ ಆದ ಒಬ್ಬ ಮುದಿ ಮುಖ್ಯಸ್ಥನು ಬಂದು, ತಮ್ಮವರಲ್ಲಿ ಯಾರೂ ಮಳೆಗಾಲದಲ್ಲಿ ಇಷ್ಟು ತಗ್ಗಿನಲ್ಲಿ ಮಲಗುವದಿಲ್ಲವೆಂದೂ ಎತ್ತರದಲ್ಲಿ ಮಲಗಿದರೆ ಸಮುದ್ರದ ಗಾಳಿಯು ಬಲ ಕೊಡುವದೆಂದೂ ಬುದ್ಧಿ ಹೇಳಿದನು. ಹೊಸ ಮನೆಯನ್ನು ಗುಡ್ಡದ ಮೇಲೆ ಕಟ್ಟಬೇಕಾಯಿತು. ನಿಲ್ಲಲಾರದಷ್ಟು ಬಲಹೀನರಾಗಿದ್ದ ಅಯ್ಯನವರಿಗೆ ಆಸರೆಯಾದವನು ಅನೈಟ್ಯುಮ್ ದ್ವೀಪದಿಂದ ಬಂದಿದ್ದ ಅಬ್ರಹಾಮನೆಂಬ ದೇಶೀಯ ಉಪದೇಶಿ. ಅವನೂ ಅವನ ಹೆಂಡತಿಯೂ ಅವರನ್ನು ತಮ್ಮ ಕೈಗಳಿಂದ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದರು. ಎತ್ತರದ ಗಾಳಿಯಲ್ಲಿ ಅವರ ಜೀವ ಉಳಿಯಿತು. ಕಲಿಸುವದಕ್ಕೆ ಹೋದವರು ಅಲ್ಲಿನ ಮುದುಕನಿಂದ ಕಲಿಯಬೇಕಾಯಿತೆಂಬದನ್ನು ನಾವು ಮರೆಯಬಾರದು.

ಟಾನ್ನಾದಲ್ಲಿ ಕೊಲೆಯ ಬೆದರಿಕೆಗಳು ದಿನೇ ದಿನೇ ಹೆಚ್ಚಿದವು. 1862ರಲ್ಲಿ ಎಲ್ಲವನ್ನೂ ಬಿಟ್ಟು ಹೊರಡಬೇಕಾಯಿತು. ಬಳಿಕ ಅವರು ಆಸ್ಟ್ರೇಲಿಯ ದೇಶದಲ್ಲಿ ಸಂಚರಿಸಿ, ರವಿವಾರದ ಶಾಲೆಯ ಮಕ್ಕಳ ಚಿಕ್ಕ ಚಿಕ್ಕ ಕಾಣಿಕೆಗಳಿಂದ ಡೇಸ್ಪ್ರಿಂಗ್ ಎಂಬ ಮಿಶನ್ ಹಡಗಿಗೆ ಹಣ ಕೂಡಿಸಿದರು. 1864ರಲ್ಲಿ ಮಾರ್ಗರೆಟ್ ವೈಟ್‌ಕ್ರಾಸ್ ಎಂಬವರನ್ನು ಮದುವೆಯಾದರು. ಇಲ್ಲಿ ಒಂದು ದುಃಖದ ಸಂಗತಿಯನ್ನೂ ಮರೆಮಾಡದೆ ಹೇಳಬೇಕು. 1865ರಲ್ಲಿ ಬ್ರಿಟಿಷ್ ಯುದ್ಧದ ಹಡಗೊಂದು ಟಾನ್ನಾದ ಊರುಗಳ ಮೇಲೆ ಫಿರಂಗಿ ಹಾರಿಸಿತು. ಪೇಟನ್ ಅಯ್ಯನವರು ದುಭಾಷಿಯಾಗಿ ಆ ಹಡಗಿನಲ್ಲಿದ್ದರು. ಅವರ ಸ್ವಂತ ಸಭೆಯವರಲ್ಲಿಯೂ ಅನೇಕರು ಈ ಕಾರಣದಿಂದ ಅವರ ಮೇಲೆ ತಪ್ಪು ಹೊರಿಸಿದರು. ಆ ಗುಂಡುಗಳಿಂದ ಟಾನ್ನಾದವರ ಹೃದಯವು ಸುವಾರ್ತೆಗೆ ತೆರೆಯಲಿಲ್ಲ. ಹೃದಯವನ್ನು ತೆರೆಯುವ ಸಾಧನವು ಬೇರೆಯೇ ಎಂಬದು ಮುಂದೆ ಕಾಣಬಂತು.

1866ನೇ ನವಂಬರಿನಲ್ಲಿ ದಂಪತಿಗಳು ಟಾನ್ನಾದ ಸಮೀಪದಲ್ಲಿರುವ ಅನೀವ ಎಂಬ ಚಿಕ್ಕ ದ್ವೀಪದಲ್ಲಿ ಇಳಿದರು. ಅವರಿಗಿಂತ ಮುಂಚೆಯೇ ಅನೈಟ್ಯುಮಿನ ದೇಶೀಯ ಉಪದೇಶಿಗಳು ಅಲ್ಲಿಗೆ ಬಂದು ಕಷ್ಟಪಟ್ಟಿದ್ದರು. ಅವರಲ್ಲಿ ಒಬ್ಬನು ಪ್ರಾಣವನ್ನೇ ಕೊಟ್ಟಿದ್ದನು. ಆರಂಭದಲ್ಲಿ ಒಂದು ಹುಲ್ಲುಗುಡಿಸಲೇ ಅಯ್ಯನವರಿಗೆ ಮನೆಯೂ ಆಲಯವೂ ಆಯಿತು. ಊರವರು ಮನೆಗೆಂದು ಒಂದು ದಿಬ್ಬವನ್ನು ತೋರಿಸಿದರು. ಅದು ಅವರ ದೇವತೆಗಳಿಗೆ ಮೀಸಲಾದ ಸ್ಥಳ. ಹಿಂದಿನ ನರಭಕ್ಷಣೆಯ ಎಲುಬುಗಳು ಅಲ್ಲಿ ಹೂತಿದ್ದವು. ಅದನ್ನು ಮುಟ್ಟಿದವರು ಸಾಯುವರೆಂದು ನಂಬಿಯೇ ಅದನ್ನು ಕೊಟ್ಟಿದ್ದರು. ಅಯ್ಯನವರು ಎಲುಬುಗಳನ್ನು ಬುಟ್ಟಿಗಳಲ್ಲಿ ತೆಗೆದು ಹಾಕಿ, ನೆಲವನ್ನು ಸಮಮಾಡಿ, ಕೆಲಸಕ್ಕೆ ಕೈಹಚ್ಚಿದರು. ಅವರಿಗೆ ಏನೂ ಆಗಲಿಲ್ಲ. ಟಾನ್ನಾದಲ್ಲಿ ಕಲಿತ ಪಾಠವನ್ನು ನೆನಪಿಟ್ಟು, ಗಾಳಿ ಬೀಸುವ ಆ ಎತ್ತರದಲ್ಲಿ ಎರಡು ಕೋಣೆಗಳನ್ನೂ ನಡುವೆ ಒಂದು ಹಾದಿಯನ್ನೂ ಕಟ್ಟಿದರು. ಗೋಡೆಗೆ ಹವಳದ ಸುಣ್ಣ, ಮಾಡಿಗೆ ಕಬ್ಬಿನ ಸೋಗೆ. ಬೇಕಾದಾಗ ಕೋಣೆಗಳನ್ನು ಕೂಡಿಸುವದಕ್ಕೆ ಸ್ಥಳವಿಟ್ಟಿದ್ದರು. ಕಾಲಕ್ರಮದಲ್ಲಿ ಹಾಗೆಯೇ ಕೂಡಿಸಿದರು.

ಮನೆ ಕಟ್ಟುವಾಗ ಒಂದು ದಿವಸ ಮೊಳೆಗಳೂ ಹತ್ಯಾರುಗಳೂ ಬೇಕಾದವು. ಅಯ್ಯನವರು ನಯಮಾಡಿದ ಒಂದು ಹಲಗೆ ತುಂಡಿನ ಮೇಲೆ ನಾಲ್ಕು ಮಾತು ಬರೆದು, ಅದನ್ನು ಅಮ್ಮನವರಿಗೆ ಕೊಡಬೇಕೆಂದು ನಾಮಕೈ ಎಂಬ ಮುದಿ ಮುಖ್ಯಸ್ಥನನ್ನು ಕಳುಹಿಸಿದರು. ಅಮ್ಮನವರು ಹಲಗೆಯನ್ನು ನೋಡಿ, ಏನೂ ಕೇಳದೆ, ಬೇಕಾದದ್ದನ್ನೇ ಕೊಟ್ಟರು. ಮರವು ಮಾತಾಡಿತೆಂದು ಮುದುಕನು ಬೆರಗಾದನು. ದೇವರ ವಾಕ್ಯವೂ ಹೀಗೆಯೇ ಪುಸ್ತಕದಲ್ಲಿ ಮಾತಾಡುವದೆಂದು ತಿಳಿಸಿದಾಗ, ಓದು ಕಲಿಯಬೇಕೆಂಬ ಆಶೆಯು ಅವನಲ್ಲಿ ಹುಟ್ಟಿತು.

ಮನೆ ಆಯಿತು; ನೀರಿಲ್ಲ. ಅನೀವವು ಹವಳದ ದ್ವೀಪ. ಮೋಡವನ್ನು ತಡೆಯುವ ದೊಡ್ಡ ಬೆಟ್ಟವಿಲ್ಲ, ಹೊಳೆಯಿಲ್ಲ, ಕೆರೆಯಿಲ್ಲ. ದಶಂಬರದಿಂದ ಏಪ್ರಿಲ್ ವರೆಗೆ ಬೀಳುವ ಮಳೆಯನ್ನು ಸಡಿಲವಾದ ನೆಲವು ಕುಡಿದುಬಿಡುತ್ತಿತ್ತು. ಜನರು ಎಳನೀರು ಕುಡಿದು, ಕಬ್ಬು ಅಗಿದು, ಸಮುದ್ರದಲ್ಲಿ ಮೈತೊಳೆದು ದಿನ ಕಳೆಯುತ್ತಿದ್ದರು. ಇದ್ದ ನೀರಿನ ಗುಂಡಿಗಳಲ್ಲಿ ಒಳ್ಳೇದು ಇಬ್ಬರು ಮಂತ್ರವಾದಿಗಳ ಕೈಯಲ್ಲಿತ್ತು. ಅದನ್ನು ತುಂಬಿಸುವದೂ ಬತ್ತಿಸುವದೂ ತಮ್ಮ ಅಧೀನವೆಂದು ಹೇಳಿ ಅವರು ಕಾಣಿಕೆ ಕಸಿಯುತ್ತಿದ್ದರು. ಮಳೆ ಬಂದರೆ ತಾವೇ ತಂದೆವೆನ್ನುವರು. ಬಾರದಿದ್ದರೆ ಇನ್ನೂ ಹೆಚ್ಚು ಕಾಣಿಕೆ ಕೇಳುವರು. ನೀರು ಯಾರ ಕೈಯಲ್ಲಿದೆಯೋ ಜನರ ಕುತ್ತಿಗೆಯೂ ಅವರ ಕೈಯಲ್ಲಿಯೇ.

ಆಗ ಪೇಟನ್ ಅಯ್ಯನವರು ಮನೆಯ ಹತ್ತಿರ ಬಾವಿ ತೋಡುವದಕ್ಕೆ ನಿಶ್ಚಯಿಸಿದರು. ಬಾವಿಯ ವಿದ್ಯೆ ಅವರಿಗೆ ತಿಳಿಯದು. ಸುತ್ತಲೂ ಸಮುದ್ರವಿರುವದರಿಂದ ಉಪ್ಪುನೀರೇ ಬಂದೀತೆಂಬ ಭಯವು ಕೊನೆಯ ವರೆಗೂ ಅವರನ್ನು ಬಿಡಲಿಲ್ಲ. ಮಳೆ ಮೇಲಿನಿಂದ ಬರುವದೇ ಹೊರತು ಕೆಳಗಿನಿಂದ ಬಂದದ್ದುಂಟೋ ಎಂದು ನಾಮಕೈ ಮರುಗಿದನು. ಅಯ್ಯನವರಿಗೆ ಬುದ್ಧಿ ಭ್ರಮಣೆಯಾಯಿತೆಂದೂ ಪ್ರಾಣ ಕಳಕೊಂಡಾರೆಂದೂ ಹೆದರಿ, ಅವರನ್ನು ಕಾಯುವದಕ್ಕೆ ಆಳುಗಳನ್ನು ನಿಲ್ಲಿಸಿದನು. ಉರಿಬಿಸಿಲಿನಲ್ಲಿ ಒಬ್ಬರೇ ಅಗೆದು ದಣಿದ ಅಯ್ಯನವರು ಒಂದು ಉಪಾಯ ಮಾಡಿದರು. ಮೂರು ಬಕೀಟು ಮಣ್ಣು ಹೊರಗೆ ಹಾಕಿದವನಿಗೆ ಒಂದು ಒಳ್ಳೇ ಮೀನುಗಾಳ ಕೊಡುವೆನೆಂದರು. ಜನರು ಗಾಳಕ್ಕಾಗಿ ಮುಗಿಬಿದ್ದು ಕೆಲಸ ಮಾಡಿದರು.

ಸುಮಾರು 12 ಅಡಿ ಆಳವಾದಾಗ ಒಂದು ರಾತ್ರಿ ಒಂದು ಬದಿಯು ಕುಸಿದು ಬಿತ್ತು. ಗುಂಡಿಯಲ್ಲಿ ಆ ಹೊತ್ತು ಯಾರೂ ಇರಲಿಲ್ಲ. ನಾಮಕೈಗೆ ಯುದ್ಧದ ಹಡಗಿನ ನೆನಪು ಬಂತು. ಅಯ್ಯನವರು ಒಳಗೆ ಸತ್ತಿದ್ದರೆ ರಾಣಿಯ ಹಡಗು ಬಂದು ವಿಚಾರಿಸುವದು. ಬಿಳಿಯನೊಬ್ಬನು ನೀರಿಗಾಗಿ ತಾನೇ ಗುಂಡಿ ತೋಡಿಕೊಂಡು ಸತ್ತನೆಂದರೆ ಯಾರು ನಂಬುವರೆಂದು ಅವನು ಅಂಗಲಾಚಿದನು. ಆ ಮೇಲೆ ಯಾರೂ ಕೆಳಗೆ ಇಳಿಯಲೊಪ್ಪಲಿಲ್ಲ. ಅಯ್ಯನವರು ಎರಡು ಮರದ ಕಂಬಗಳನ್ನು ನೆಟ್ಟು, ಅಡ್ಡಮರ ಹಾಕಿ, ರಾಟೆ ಕಟ್ಟಿದರು. ತಾವು ಕೆಳಗೆ ಅಗೆದು ಗಂಟೆ ಬಾರಿಸಿದಾಗ ಮೇಲಿದ್ದವರು ಹಗ್ಗ ಎಳೆದು ಬಕೀಟನ್ನು ಬರಿದುಮಾಡುತ್ತಿದ್ದರು. ಹೀಗೆ ಹಾರೆ ಗುದ್ದಲಿಗಳಿಂದ ಹವಳದ ಕಲ್ಲನ್ನು ಒಡೆಯುತ್ತಾ 30 ಅಡಿ ಇಳಿದರು. ಅಲ್ಲಿ ಮಣ್ಣು ತೇವವಾಯಿತು.

ಮರುದಿನ ಬೆಳಿಗ್ಗೆ ತಳದ ನಡುವೆ ಒಂದು ಚಿಕ್ಕ ಕುಳಿ ತೋಡಲಾಗಿ ನೀರು ಉಕ್ಕಿ ಬಂತು. ನಡುಗುವ ಕೈಯಿಂದ ಅದನ್ನು ಬಾಯಿಗೆ ಹಾಕಿಕೊಂಡರು. ಅದು ಕುಡಿಯುವ ನೀರೇ. ಮಣ್ಣು ತಿಳಿಯಾದ ಮೇಲೆ ತಂಬಿಗೆಯಲ್ಲಿ ತುಂಬಿ ಮೇಲಕ್ಕೆ ತಂದರು. ನಾಮಕೈ ತಂಬಿಗೆಯನ್ನು ಅಲ್ಲಾಡಿಸಿ ನೋಡಿದನು, ಮುಟ್ಟಿ ನೋಡಿದನು, ಕಡೆಗೆ ಕುಡಿದು ನೋಡಿ ಮಳೆಯೇ ಎಂದು ಕೂಗಿದನು. ಜನರು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತು, ಮುಂದಿನವನು ಬಗ್ಗಿ ಒಳಗೆ ಇಣಿಕಿ ನೋಡಿ ಹಿಂದಕ್ಕೆ ಸರಿಯಲು, ಅವನ ಹಿಂದಿನವನು ಮುಂದೆ ಬರುತ್ತಿದ್ದನು. ಆಗ ಗಾಳವಾಗಲಿ ಕೂಲಿಯಾಗಲಿ ಕೇಳದೆ ಗಂಡಸರೂ ಹೆಂಗಸರೂ ಮಕ್ಕಳೂ ಸಮುದ್ರತೀರದಿಂದ ಹವಳದ ಕಲ್ಲುಗಳನ್ನು ಹೊತ್ತು ತಂದರು. ಬಾವಿಗೆ ಸುತ್ತಲೂ ಕಟ್ಟಡ ಕಟ್ಟಿದರು. ಅದರ ಆಳವು 34 ಅಡಿ. ಅಗಲವು ಮೇಲೆ 8 ಅಡಿ, ತಳದಲ್ಲಿ 6 ಅಡಿ.

ನೀರಿನಲ್ಲಿ ಸ್ವಲ್ಪ ಉಪ್ಪಿನ ರುಚಿ ಇತ್ತು. ಸಮುದ್ರದ ಉಬ್ಬರ ಇಳಿತಗಳೊಂದಿಗೆ ಅದೂ ಏರಿ ಇಳಿಯುತ್ತಿತ್ತು. ಇದರ ಕಾರಣವನ್ನು ಶಾಸ್ತ್ರಜ್ಞರು ಹೀಗೆ ವಿವರಿಸುತ್ತಾರೆ: ಹವಳದ ನೆಲದೊಳಗೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ತೇಲಿಕೊಂಡಿರುವದು. ಹೆಚ್ಚು ಆಳಕ್ಕೆ ಹೋದರೆ, ಇಲ್ಲವೆ ಮಿತಿಮೀರಿ ಸೇದಿದರೆ, ಉಪ್ಪು ಏರುವದು. ಹಾಗಾದರೆ ನಾಮಕೈ ಕೂಗಿದ್ದು ಸುಳ್ಳಲ್ಲ. ಆ ಬಾವಿಯ ನೀರು ನಿಜವಾಗಿಯೂ ಮಳೆಯೇ. ಜನರು ತಮ್ಮ ತಮ್ಮ ಊರುಗಳ ಬಳಿಯಲ್ಲಿ ಇನ್ನೂ ಆರೇಳು ಬಾವಿಗಳನ್ನು ತೋಡಿ ನೋಡಿದರು. ಕೆಲವುಗಳಲ್ಲಿ ಬಂಡೆ ಅಡ್ಡಬಂತು, ಕೆಲವುಗಳಲ್ಲಿ ಉಪ್ಪುನೀರು ಬಂತು. ದ್ವೀಪಕ್ಕೆಲ್ಲಾ ಆ ಒಂದೇ ಬಾವಿ ಸಾಕಾಗಬೇಕಾಯಿತು. ಅದಕ್ಕೆ ಮಂತ್ರವಾದಿಯ ಕಾವಲಿರಲಿಲ್ಲ, ಕಾಣಿಕೆಯ ಹಂಗಿರಲಿಲ್ಲ.

ಮುಂದಿನ ಕರ್ತನ ದಿನದಲ್ಲಿ ನಾಮಕೈ ತಾನೇ ಎದ್ದು ನಿಂತು ತನ್ನ ಜನರಿಗೆ ಬೋಧಿಸಿದನು. ಕಾಣದ ನೀರು ನೆಲದ ಕೆಳಗೆ ಎಂದಿನಿಂದಲೂ ಇತ್ತು. ನಡುವೆ ಇದ್ದ ಮಣ್ಣನ್ನು ತೆಗೆದ ಮೇಲೆ ಅದನ್ನು ಕಂಡೆವು. ಹಾಗೆಯೇ ಕಾಣದ ಯೆಹೋವನೂ ಇದ್ದಾನೆ. ಕಣ್ಣಿನ ಮುಂದಿರುವ ಮಣ್ಣು ಹೋದರೆ ಆತನನ್ನೂ ಕಾಣುವೆವು. ಇದು ಆ ಪ್ರಸಂಗದ ಸಾರ. ಆ ವಾರದಿಂದ ಜನರು ತಮ್ಮ ವಿಗ್ರಹಗಳನ್ನು ತಂದು ರಾಶಿಹಾಕಿದರು. ಕೆಲವನ್ನು ಸುಟ್ಟರು, ಕೆಲವನ್ನು ಹೂಳಿದರು, ಕೆಲವನ್ನು ಸಮುದ್ರದಲ್ಲಿ ಮುಳುಗಿಸಿದರು. 1869ನೇ ಅಕ್ಟೋಬರ್ 24ರಂದು ಅನೀವದ ಹನ್ನೆರಡು ಮಂದಿ ಮೊದಲನೆಯ ಸಾರಿ ಕರ್ತನ ಭೋಜನದಲ್ಲಿ ಪಾಲುಗಾರರಾದರು.

ಪೇಟನ್ ಅಯ್ಯನವರ ಉಳಿದ ಆಯುಷ್ಯವನ್ನು ಸಂಕ್ಷೇಪವಾಗಿ ಹೇಳುವೆವು. ದ್ವೀಪದಲ್ಲಿ ಅನಾಥ ಮಕ್ಕಳಿಗೆ ಮನೆಗಳೂ ಶಾಲೆಯೂ ಆದವು. ಬಹು ದೇಶಗಳಲ್ಲಿ ಸಂಚರಿಸಿ ಅವರು ಆ ದ್ವೀಪಗಳ ಸೇವೆಗಾಗಿ ಸಹಾಯ ಕೂಡಿಸಿದರು. 1899ರಲ್ಲಿ ಅನೀವ ಭಾಷೆಯ ಹೊಸ ಒಡಂಬಡಿಕೆಯು ಅಚ್ಚಾಯಿತು. 1905ರಲ್ಲಿ ಮಾರ್ಗರೆಟ್ ಅಮ್ಮನವರೂ 1907ನೇ ಜನವರಿ 28ರಂದು ಅಯ್ಯನವರೂ ಆಸ್ಟ್ರೇಲಿಯದಲ್ಲಿ ಕರ್ತನಲ್ಲಿ ನಿದ್ರೆಹೋದರು.

ಪ್ರಿಯರೇ, ಈ ಚರಿತ್ರೆಯಿಂದ ನಾವು ಏನು ಕಲಿಯುವೆವು? ಫಿರಂಗಿಯಿಂದ ಆಗದ ಕೆಲಸವು ಸಲಿಕೆಯಿಂದ ಆಯಿತು. ಅಯ್ಯನವರು ಪ್ರಾರ್ಥಿಸಿದರು, ಆದರೆ ಪ್ರಾರ್ಥಿಸಿ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಬೆವರು ಸುರಿಸಿ ಅಗೆದರು, ಆದರೆ ನೀರು ತನ್ನ ಸಲಿಕೆಯದೆಂದು ಹೇಳಿಕೊಳ್ಳಲಿಲ್ಲ. ಮಳೆಗಾಗಿ ಬೇಡಿಕೊಳ್ಳುವ ನಾವು ಕೆರೆಯ ಹೂಳನ್ನು ತೆಗೆಯದೆ ಬಿಡಬಾರದು. ಇನ್ನೊಂದು ಮಾತು ಉಂಟು. ದೇವರು ಕೊಟ್ಟ ನೀರಿಗೆ ಕಾವಲು ಕೂರುವ ಮನುಷ್ಯನು ಆ ಮಂತ್ರವಾದಿಗಳ ಸಾಲಿನವನೇ. ನಮ್ಮ ಪೂರ್ವಿಕರಲ್ಲಿ ಎಷ್ಟೋ ಮಂದಿ ಊರ ಬಾವಿಯ ಕಟ್ಟೆಯನ್ನು ಮುಟ್ಟಲಾರದೆ ದೂರ ನಿಂತು, ಯಾರಾದರೂ ಹೊಯ್ದಾರೋ ಎಂದು ಕಾದವರು. ಆ ಬಾಯಾರಿಕೆಯನ್ನು ಬಲ್ಲ ನಾವು ನಮ್ಮ ಬಾವಿಯ ಬಳಿಗೆ, ನಮ್ಮ ನಲ್ಲಿಯ ಬಳಿಗೆ, ನಮ್ಮ ಆಲಯದ ಬಳಿಗೆ ಬರುವ ಒಬ್ಬರನ್ನಾದರೂ ದೂರ ನಿಲ್ಲಿಸದಿರೋಣ. ಸಮಾರ್ಯದ ಹೆಂಗಸಿನಿಂದ ನೀರು ಕೇಳಿದ ಕರ್ತನು ನಮಗೆ ಆ ಮನಸ್ಸನ್ನು ಅನುಗ್ರಹಿಸಲಿ. ಆಮೆನ್.